ಷರಾ

ಪ್ರತಿ ತಿಂಗಳು ಐದರೊಳಗೆ
ಗ್ರಾನ್ ತಾರಾಹಾಲಿನಿಂದ ಒಂದು ಕಾರ್ಡು ಬರುತ್ತಿತ್ತು
ಲಾಸ್ ಪಾಲ್ಮಾಸಿನ ನಮ್ಮ ಕಚೇರಿಗೆ, ಹಡಗಿನ ಟಪಾಲಿನಲ್ಲಿ.
ಮಡಿಕೆ ಬಿಚ್ಚಿದರೆ ಮೇಜಿನ ಮೇಲೆ ಚಿಟಿಕೆ ಕೆಂಪು ಧೂಳು.
ಮೂವತ್ತು ಸಾಲು, ಮೂವತ್ತು ಸೊನ್ನೆ.
ಗೋಫಿಯೊ ಹಿಟ್ಟಿನ ಉಂಡೆ ಕಟ್ಟಿದಂತೆ ದುಂಡಗೆ,
ಅವಸರವಿಲ್ಲದ ಕೈ: ಬೆನಿಗ್ನಾ ಉಂಪಿಯೆರೆಸ್.

ಅವನ್ನು ದೊಡ್ಡ ಪುಸ್ತಕಕ್ಕೆ ಇಳಿಸುವವನು ನಾನು.
ಸೊನ್ನೆ ನಕಲು ಮಾಡಿ ಸಂಬಳ ಉಂಡವನು.

ಷರಾ ಕಾಲಮ್ಮನ್ನು ಯಾರೂ ಓದುವುದಿಲ್ಲ. ನಾನು ಓದುತ್ತಿದ್ದೆ.
‘ಗಾಳಿ.’
‘ಗಾಳಿ.’
‘ಗಾಳಿ. ಬಟ್ಟೆ ಒಣಹಾಕುವ ಹಗ್ಗ ಹರಿಯಿತು.’
‘ಆಫ್ರಿಕಾದ ಧೂಳು, ಮೂರನೇ ದಿನ. ಬಂದರು ಕಾಣದು.
ಕೋಳಿಗಳು ಮಧ್ಯಾಹ್ನವೇ ಗೂಡು ಸೇರಿದವು.’
‘ಮುಂಗೈ ಮೇಲೆ ಎರಡು ಹನಿ. ಅಳತೆಗೆ ಸಿಗದು.’
‘ಮೋಡ ಬಂತು. ನಿಲ್ಲಲು ಬೆಟ್ಟ ಸಾಲದೆ ಮುಂದೆ ಹೋಯಿತು.
ನಿಮ್ಮ ಕಡೆ ಬಂತೇ?’

ಬಂದಿತ್ತು. ನನ್ನ ಕೊಡೆ ಇನ್ನೂ ಮೂಲೆಯಲ್ಲಿ ತೊಟ್ಟಿಕ್ಕುತ್ತಿತ್ತು.
ಉತ್ತರ ಬರೆಯಲು ನಮ್ಮಲ್ಲಿ ನಮೂನೆ ಇರಲಿಲ್ಲ.

ಹತ್ತೊಂಬತ್ತು ವರ್ಷ ಹೀಗೆ.
ಆಮೇಲೆ ಒಂದು ನವೆಂಬರ್, ಒಂಬತ್ತನೇ ತಾರೀಖು,
ಅಂಕಿಯ ಜಾಗದಲ್ಲಿ ಒಂದು ಅಡ್ಡಗೆರೆ.
ಷರಾ ಅಂಚು ದಾಟಿ, ಕಾರ್ಡಿನ ಬೆನ್ನಿಗೂ ಹರಿದಿತ್ತು:

‘ರಾತ್ರಿ ಎರಡಕ್ಕೆ ಶುರು, ಬೆಳಗಿನವರೆಗೂ ಬಿಡಲಿಲ್ಲ.
ಪಕ್ಕದ ಮನೆ ಫ್ಲೋರೆನ್ಸಿಯೊನ ಮೇಕೆ ಹಗ್ಗ ಕಿತ್ತುಕೊಂಡು ಬಂದು
ಮಳೆಮಾಪಕ ಕೆಡವಿದೆ. ಎಂಟಕ್ಕೆ ಹೋದಾಗ ಮಾಪಕದ ಬಾಯಿ ನೆಲಕ್ಕೆ.
ಅಂದಾಜು ಬರೆಯಬಾರದೆಂದು ನಿಯಮ. ಬರೆದಿಲ್ಲ.
ಒಣಹಳ್ಳ ಹರಿಯಿತು, ಸಮುದ್ರ ಕಂದಾಯಿತು,
ಟೊಮೆಟೊ ಪೆಟ್ಟಿಗೆಗಳು ಹಡಗಿಗೆ ಕಾಯದೆ ಹೊರಟವು.
ಏಳು ವರ್ಷದ ಹುಡುಗಿಯೊಬ್ಬಳು ಕೇಳಿದಳು,
ಇಷ್ಟು ನೀರು ಯಾರು ಬಿಟ್ಟದ್ದು?
ಬದು ಕಟ್ಟಿದ ಹೊಲಕ್ಕೆ ನಾನೇ ಇಳಿದು ನೋಡಿದೆ,
ಚಪ್ಪಲಿ ಕೈಯಲ್ಲಿ ಹಿಡಿದು.
ಮೊಣಕಾಲವರೆಗೆ.’

ಮೊಣಕಾಲನ್ನು ಮಿಲಿಮೀಟರಿಗೆ ಇಳಿಸುವ ಕೋಷ್ಟಕ
ಯಾವ ಕಪಾಟಿನಲ್ಲೂ ಇರಲಿಲ್ಲ.
‘ಮಾಹಿತಿ ಇಲ್ಲ’ ಅಂತ ಹಾಕಯ್ಯ, ಎಂದರು ಮೇಲಿನವರು,
ಕನ್ನಡಕ ಒರೆಸುತ್ತ.
ಹಾಕಿದೆ.
ವರ್ಷದ ವರದಿಯಲ್ಲಿ ಒಣ ಊರುಗಳ ಪಟ್ಟಿಗೆ
ಆ ಊರೇ ತಲೆ. ಅಚ್ಚಾಯಿತು. ರಟ್ಟು ಕಟ್ಟಿದರು.

ಡಿಸೆಂಬರಿನ ಕಾರ್ಡು ಬಂತು. ಧೂಳು ಉದುರಲಿಲ್ಲ.
ಸೊನ್ನೆ, ಸೊನ್ನೆ, ಗಾಳಿ, ಸೊನ್ನೆ.
ಇಪ್ಪತ್ತೆಂಟನೆಯ ಸಾಲಿನ ಎದುರು, ಅದೇ ದುಂಡು ಅಕ್ಷರ:
‘ಬಾರ್ಲಿ ಒಂದು ಗೇಣು.
ಮೇಕೆಯನ್ನು ಕಟ್ಟಿಹಾಕಿದ್ದೇವೆ.’