ಸಮಯ: ಘಟನೆಯ ಸಮಯ

ಸೊಹಾರ್ ಬಂದರಿನ ರಾತ್ರಿಪಾಳಿಯಲ್ಲಿ
ನಾವು ಮೂರೇ ಜನ: ನಾನು, ಏಸಿಯ ಗೊರಕೆ,
ಹತ್ತಕ್ಕೆ ನೆಲ ಒರೆಸಲು ಬರುವ ಮೊಫಿಜುಲ್.
ಬಕೆಟ್ಟಿನ ಚಕ್ರ ಕಿರ್ರೆಂದರೆ ಹತ್ತಾಯಿತೆಂದೇ ಲೆಕ್ಕ.
ಗೋಡೆ ಗಡಿಯಾರವನ್ನು ನಾನು ನೋಡಿದ್ದೇ ಕಡಿಮೆ.

ಅಂದು ದಾಖಲೆಯಲ್ಲೊಂದು ಕೆಂಪು ಸಾಲು:
ಸರ್ವರ್ ಕೋಣೆಯ ಯಂತ್ರಕ್ಕೆ ಯಾರೋ
ಏನನ್ನೋ ಚುಚ್ಚಿದ್ದಾರೆ, ೨೨:೧೦.
ದಾಖಲೆ ಓದಿಕೊಡುವ ಲೈಬ್ರರಿ ಪುಕ್ಕಟೆಯದು,
ಊರೂರಿನ ಅಪರಿಚಿತರು ಕೂಡಿ ಕಟ್ಟಿದ್ದು,
ಅನ್ನಛತ್ರದ ಹಾಗೆ; ಉಂಡವರು
ತಮ್ಮ ಎಲೆ ತಾವು ಎತ್ತಿದರೆ ಸಾಕು.
ನಾನು ಉಂಡೆ. ಎತ್ತಲಿಲ್ಲ.
ಒಂದೇ ಸಾಲಿನ ವರದಿ ಬರೆದೆ:
ಹತ್ತೂ ಹತ್ತಕ್ಕೆ ಆ ಕೋಣೆಯಲ್ಲಿದ್ದವನು ಒಬ್ಬನೇ.

ಬೆಳಿಗ್ಗೆ ಅವನ ಕೊರಳಿನ ಬ್ಯಾಡ್ಜ್ ಕಳಚಿಸಿದರು.
ಅವನು ಬಂಗಾಳಿಯಲ್ಲಿ ಏನೋ ಹೇಳಿದ,
ಹರಕು ಅರಬ್ಬಿಯಲ್ಲಿ, ಆಮೇಲೆ ಹಿಂದಿಯಲ್ಲಿ,
ಕೊನೆಗೆ ಸುಮ್ಮನೆ ಅಂಗೈ ತೋರಿಸಿದ.
ಒದ್ದೆ ಕೈಯಲ್ಲಿ ಯಾರು ಭಾಯಿ ವೈರು ಮುಟ್ಟುತ್ತಾರೆ?

ಮೂರನೇ ರಾತ್ರಿ. ಚಕ್ರದ ಸದ್ದಿಲ್ಲ.
ಹತ್ತು ಯಾವಾಗ ಆಯಿತೋ ತಿಳಿಯಲಿಲ್ಲ.
ಬೇಸರಕ್ಕೆ ಲೈಬ್ರರಿಯ ಕೈಪಿಡಿ ತೆರೆದೆ.
ಉಪ್ಪಿನಕಾಯಿ ಭರಣಿಗೆ ಅಂಟಿಸಿದ ಚೀಟಿಯಲ್ಲಿ
'ಭರಣಿ' ಎಂದಷ್ಟೇ ಬರೆದ ಹಾಗೆ:
ಕಾಲಮ್ ಏಳು. ಸಮಯ. ಘಟನೆಯ ಸಮಯ.

ಯಾವ ಊರಿನದು ಮಾರಾಯ?

ಮೂಲ ಕೋಡಿಗಿಳಿದು ಹುಡುಕಿದೆ. ಗ್ರೀನಿಚ್ಚಿನದು.
ಸೊಹಾರಿಗೆ ಬರಬೇಕಾದರೆ ನಾಲ್ಕು ಗಂಟೆ ಕೂಡಿಸಬೇಕು.
ಕೂಡಿಸಿದೆ. ಬೆರಳೆಣಿಸಿ ಮತ್ತೊಮ್ಮೆ ಕೂಡಿಸಿದೆ.
ನಡುರಾತ್ರಿ ಎರಡೂ ಹತ್ತು.
ಎರಡೂ ಹತ್ತಕ್ಕೆ ಆ ಕೋಣೆಯ ತಂಪಿಗೆ ಹೋಗಿ,
ಸಿಕ್ಕ ತೂತಿಗೆ ಫೋನು ಸಿಕ್ಕಿಸಿ ಚಾರ್ಜಿಗಿಟ್ಟು,
ಕಾಲು ಗಂಟೆ ಕಣ್ಣು ಮುಚ್ಚಿದ್ದವನು
ನಾನು.

ಹೇಳಿದೆ. ಹೇಳುವಾಗ ಮೇಲಧಿಕಾರಿ ಹಮೂದ್
ಕರಕ್ ಚಹಾದ ಕೆನೆಯನ್ನು ಚಮಚದಿಂದ ತೆಗೆಯುತ್ತಿದ್ದರು,
ತೆಗೆದು ಮುಗಿಯುವ ತನಕ ಮಾತಾಡಲಿಲ್ಲ.
ಎರಡು ವಾರದ ಸಂಬಳ ಹೋಯಿತು. ಅದಿರಲಿ.

ಆ ರಾತ್ರಿ ಕೈಪಿಡಿಗೊಂದು ತಿದ್ದುಪಡಿ ಕಳಿಸಿದೆ:
'ಈ ಸಮಯ ಗ್ರೀನಿಚ್ಚಿನದು. ಸೊಹಾರಿನವರು
ನಾಲ್ಕು ಕೂಡಿಸಿಕೊಳ್ಳಿ. ಕೂಡಿಸದೆ
ಯಾರ ಹೆಸರನ್ನೂ ಬರೆಯಬೇಡಿ.'
ಲೈಬ್ರರಿ ನೋಡಿಕೊಳ್ಳುವವರು, ಎಲ್ಲಿಯವರೋ, ಉತ್ತರಿಸಿದರು:
ಉಪಕಾರವಾಯಿತು. ಮೊದಲ ವಾಕ್ಯ ಸಾಕು.
ಸರಿಯೇ. ಕೈಪಿಡಿಯೇನು ತಪ್ಪುಕಾಣಿಕೆಯ ಡಬ್ಬಿಯಲ್ಲ.
ಅಳಿಸಿದೆ. ಮೂರು ಪದ ಉಳಿದವು.

ಈಗ ಕಾಲಮ್ ಎಂಟರಲ್ಲಿದ್ದೇನೆ.
'ಬಳಕೆದಾರ: ಬಳಕೆದಾರ' ಎಂದಿದೆ.
ಬಾಗಿಲು ತೆಗೆದವನೋ, ಬಾಗಿಲು ಯಾರ ಹೆಸರಿನಲ್ಲಿದೆಯೋ ಅವನೋ?
ಬರೆಯುತ್ತೇನೆ, ಒಡೆಯುತ್ತೇನೆ, ಮತ್ತೆ ಬರೆಯುತ್ತೇನೆ.

ಬಕೆಟ್ಟಿನ ಚಕ್ರ ಕಿರ್ರೆಂದಿತು.
ತಲೆಯೆತ್ತಿ ಗೋಡೆ ಗಡಿಯಾರ ನೋಡಿದೆ:
ಹತ್ತೂ ಹನ್ನೆರಡು.
ಮೊಫಿಜುಲ್ ನನ್ನ ಕುರ್ಚಿಯ ಸುತ್ತ ಒರೆಸಿದ.
ಕಾಲೆತ್ತಿ ಎನ್ನಲಿಲ್ಲ.
ನಾನೇ ಎತ್ತಿದೆ.