ಹಿಟ್ಟು ಬೇಡದ ಅಚ್ಚು

ಬಂದರಿನ ಗುಜರಿ ಅಂಗಡಿಯಲ್ಲಿ
ರೆಕ್ಕೆ ಮುರಿದ ಫ್ಯಾನುಗಳ ಕೆಳಗೆ ಸಿಕ್ಕಿದ್ದು,
ಮುನ್ನೂರೈವತ್ತಕ್ಕೆ,
ವಾಫಲ್ ಮಾಡುವ ಮಿಷನ್ನು.
ಯಾವುದೋ ಮಾಲಿನ ಮೂರನೇ ಮಾಳಿಗೆಯಲ್ಲಿ
ಒಂದೇ ವರ್ಷ ಬಾಳಿ ಬಾಗಿಲು ಹಾಕಿದ ಅಂಗಡಿಯದ್ದಂತೆ.
"ಸ್ವಿಚ್ಚು ಹಾಕಿದರೆ ಕೆಂಪು ಲೈಟು, ಕಾದರೆ ಹಸಿರು,
ಮತ್ತೆಂತದೂ ನನಗೆ ಗೊತ್ತಿಲ್ಲ" ಅಂದರು ಹಮಬ್ಬಾಕ,
ವಯರಿಗೆ ಟೇಪು ಸುತ್ತಿ ಕೊಟ್ಟರು.

ಹಿಟ್ಟು ಇರಲಿಲ್ಲ.
ಹಣ್ಣು ಇತ್ತು. ಜ್ಯೂಸ್ ಅಂಗಡಿಯವಳ ಮನೆಯಲ್ಲಿ
ರಾತ್ರಿ ಒಂಬತ್ತಕ್ಕೆ ಬೇರೆ ಎಂತ ಇರುತ್ತದೆ?
ಸ್ಟೇಟ್ ಬ್ಯಾಂಕಿನ ಬಸ್ಸುಗಳೆಲ್ಲ ಹೊರಟ ಮೇಲೆ
ಯಾರೂ ಕುಡಿಯದೆ ಉಳಿದ ಹಣ್ಣುಗಳು
ನನ್ನ ಜೊತೆ ಜೆಪ್ಪುವಿಗೆ ಬರುತ್ತವೆ,
ಮಡಿಲಲ್ಲಿ ಕೂತು, ಟಿಕೆಟಿಲ್ಲದೆ.

ಮೊದಲು ಅನಾನಸು.
ಬೆರಳು ದಪ್ಪದ ಬಿಲ್ಲೆ ಇಟ್ಟು ಮುಚ್ಚಿದೆ.
ಸಂದಿನಿಂದ ಹಬೆ ಸುಯ್ಯೆಂದಿತು,
ಆಮೇಲೆ ಬೆಲ್ಲ ಕಾಯಿಸುವ ವಾಸನೆ,
ಆಮೇಲೆ ಪಕ್ಕದ ಮನೆಯ ಸೆವ್ರಿನ್ ಬಾಯಿ
ಕಿಟಕಿ ತೆರೆದ ಸದ್ದು.
ತೆಗೆದರೆ ಹಳದಿಯ ಮೇಲೆ ಕಂದು ಕಂದು ಚೌಕ,
ಗುಂಡಿಗೊಂದು ತೊಟ್ಟು ಪಾಕ.
ಹುಳಿ ಎಲ್ಲಿಗೆ ಹೋಯಿತೋ!

ಧೈರ್ಯ ಬಂತು.
ಕಲ್ಲಂಗಡಿ ಇಟ್ಟೆ. ಅದು ಅತ್ತಿತು.
ಅಡುಗೆ ಕಟ್ಟೆಯಿಡೀ ಕೆಂಪು ನೀರು,
ಉಳಿದದ್ದು ಒದ್ದೆ ಕರವಸ್ತ್ರದಂಥ ಒಂದು ಚೂರು.
ಅದನ್ನೂ ಉಪ್ಪು ಮೆಣಸು ಉದುರಿಸಿ ತಿಂದೆವು.
ಪಪ್ಪಾಯಿ ಪರವಾಗಿಲ್ಲ. ಸಪೋಟ ಅಂಟಿತು.
ಹಲಸಿನ ತೊಳೆ, ಬೀಜ ತೆಗೆದು, ಅಗಲಿಸಿ ಇಟ್ಟದ್ದು
ಅಂಚು ಗರಿಯಾಗಿ, ಒಳಗೆ ಮೆತ್ತಗೆ...
ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ,
ಕಿಟಕಿ ಇನ್ನೂ ತೆರೆದೇ ಉಂಟು.

ಅಲ್ಲಿಯವರೆಗೆ ಟೀವಿ ನೋಡುತ್ತಿದ್ದ ದೇಯಿ ದೊಡ್ಡಮ್ಮ
ಆಗ ಕತ್ತು ತಿರುಗಿಸಿದರು:
"ಎಣ್ಣೆ ಹಚ್ಚದೆ ಯಾರಾದರೂ
ಅಚ್ಚಿಗೆ ಹಾಕುತ್ತಾರಾ ಮಾರಾಯ್ತಿ?"

ನೇತ್ರಾವತಿ ದಡದ ಹೆಂಚಿನ ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ ಪ್ರೆಸ್ಸಿನ ಹತ್ತಿರ ನಿಂತವರು.
ಮೇಲೊಂದು ಅಚ್ಚು, ಕೆಳಗೊಂದು ಅಚ್ಚು,
ನಡುವೆ ಆವೆಮಣ್ಣಿನ ಹಾಳೆ.
ಒತ್ತು, ಎತ್ತು, ಅಂಚು ಕೊಯ್ಯಿ, ಹಲಗೆಗೆ ಜಾರಿಸು.
ನೀರು ಹೆಚ್ಚಾದ ಮಣ್ಣು ಅಂಟುತ್ತದೆ,
ಕಮ್ಮಿಯಾದದ್ದು ಬಿರಿಯುತ್ತದೆ,
ಹಣ್ಣಿನದ್ದೂ ಅದೇ ಕತೆ ಅಂದರು,
ಕಲ್ಲಂಗಡಿಗೆ ಬೈದ ಹಾಗೆ.

ಸೆರಗು ಸಿಕ್ಕಿಸಿ ಎದ್ದರು.
ಬಾಳೆದಂಟಿನ ತುದಿಯನ್ನು ತೆಂಗಿನೆಣ್ಣೆಯಲ್ಲಿ ಅದ್ದಿ
ಗುಂಡಿ ಗುಂಡಿಗೂ ಸವರಿದರು.
ಕಪ್ಪು ಚುಕ್ಕೆ ಬಿದ್ದ ನೇಂದ್ರಬಾಳೆಯನ್ನು ಉದ್ದಕ್ಕೆ ಸೀಳಿ
ಎರಡು ಹೋಳನ್ನು ತಲೆ ಬುಡ ಅದಲುಬದಲಾಗಿ ಜೋಡಿಸಿ
ಹಿಡಿಕೆಯ ಮೇಲೆ ಅಂಗೈ ಒತ್ತಿ ನಿಂತರು.
ಹಸಿರು ಲೈಟು ನೋಡಲಿಲ್ಲ.
ಮೂಗು ಅರಳಿಸಿದರು.
"ಈಗ."

ಹಲಗೆಗೆ ಜಾರಿದ ಹಾಗೆ ಬಟ್ಟಲಿಗೆ ಜಾರಿತು,
ಒಂದು ಗೆರೆ ಮುರಿಯಲಿಲ್ಲ.
ಬಿಸಿಬಿಸಿಯದನ್ನು ಬರಿಗೈಯಲ್ಲಿ ಮಗುಚಿ,
ಕನ್ನಡಕ ಹಣೆಗೇರಿಸಿ, ಹಿಂಬದಿ ಹುಡುಕಿದರು:
"ಕಂಪೆನಿಯ ಹೆಸರೆಲ್ಲಿ?"

ಹೆಂಚಿಗೆ ಇರುತ್ತಿತ್ತು. ಇಸವಿ, ಊರು, ಧಣಿಗಳ ಹೆಸರು,
ಆನೆಯದ್ದೋ ನಕ್ಷತ್ರದ್ದೋ ಒಂದು ಗುರ್ತು.
ಅಚ್ಚಿನೊಳಗೆ ಅವೆಲ್ಲ ತಿರುವುಮುರುವು.
ಶಾಲೆಗೆ ಹೋಗದ ದೊಡ್ಡಮ್ಮ
ದಿನಕ್ಕೆ ಸಾವಿರ ಸಲ ಅದನ್ನೇ ಕಂಡು ಓದು ಕಲಿತವರು.
ಈಗಲೂ ಪೇಪರಿನಲ್ಲಿ ತಡವರಿಸುತ್ತಾರೆ,
ಹಿಂದಿನ ಬಸ್ಸಿನ ಬೋರ್ಡು ಕನ್ನಡಿಯಲ್ಲಿ ಕಂಡರೆ
ನನಗಿಂತ ಮೊದಲು ಹೇಳುತ್ತಾರೆ.

ಹೆಸರಿಲ್ಲದ ಬಾಳೆಹಣ್ಣನ್ನು ಮೂರು ಪಾಲು ಮಾಡಿದೆವು,
ಒಂದು ಸೆವ್ರಿನ್ ಬಾಯಿಗೆ, ಕಿಟಕಿಯಿಂದಲೇ.

ಆಮೇಲೆ ಹಿಡಿಸೂಡಿಯ ಕಡ್ಡಿ ಮುರಿದು
ಚೌಕ ಚೌಕದೊಳಗಿನ ಕರಿ ಸಕ್ಕರೆ ಕೆರೆಯುತ್ತಾ
ದೊಡ್ಡಮ್ಮ ಕೇಳಿದರು, ಮಿಷನ್ನನ್ನೇ ಎಂಬಂತೆ:
"ಅಂಬಡೆ ಇಟ್ಟರೆ ಹೇಗೆ?
ಗೊರಟು ಉಂಟು, ಗೊತ್ತುಂಟು.
ಒತ್ತಿ ನೋಡುವ."