ಬೀಜದ ದಿನ, ಕಾಳಿನ ದಿನ

ಸಂತೆ ಮುಗಿಸಿ ಬಂದ ಚೌರಿ
ಒಣಮೀನಿನ ಪೊಟ್ಟಣದ ಪಕ್ಕ ಡಾಕ್ಟರ ಚೀಟಿ ಇಟ್ಟಳು.
ಸಿದ್ದಾಪುರದಲ್ಲಿ ಹನ್ನೊಂದು ವರ್ಷದಿಂದ ಮದ್ದಿನಂಗಡಿ ನನ್ನದು;
ಪ್ರೆಡ್ನಿಸೊಲೋನ್ ಅನ್ನುವ ಹೆಸರು
ಎಂಥ ಕಾಗೆಕಾಲಿನ ಅಕ್ಷರದಲ್ಲೂ ಸಿಕ್ಕಿಬೀಳುತ್ತದೆ.

ಕಾಫಿ ಹೂವಾದ ವಾರ ಉಬ್ಬಸದಿಂದ
ಗೋಡೆ ಹಿಡಿದು ಬರುವ ರೈಟರ್ ಮಂದಣ್ಣ ಸೇದುವುದು
ಇದರದೇ ಒಬ್ಬ ತಮ್ಮನನ್ನು.
ಮದುವೆ ಗೊತ್ತಾದ ಹುಡುಗಿ, ಬೆಳ್ಳಗಾಗಲು,
ತಗ್ಗಿದ ದನಿಯಲ್ಲಿ ಕೇಳುವ ಕ್ರೀಮಿನೊಳಗೂ ಇದೇ ಮನೆತನ.
ಅದನ್ನು ಕೊಡುವುದಿಲ್ಲ. ಬೈಸಿಕೊಳ್ಳುತ್ತೇನೆ.

ಚೌರಿಯ ಮುತ್ತನಿಗೆ ಐದು ವರ್ಷ.
ಮಕರದಲ್ಲಿ ಒಂದು ಬೆಳಿಗ್ಗೆ ಕಣ್ಣು ತೆರೆಯಲಾಗಲಿಲ್ಲ ಅವನಿಗೆ,
ರೆಪ್ಪೆ ಹಲಸಿನ ತೊಳೆ, ಹೊಟ್ಟೆ ದುಡಿ.
ಮಡಿಕೇರಿಯ ಆಸ್ಪತ್ರೆಯಲ್ಲಿ ಹೇಳಿದರು:
ಕಿಡ್ನಿಯ ಜರಡಿ ಕಣ್ಣು ಹಿಗ್ಗಿದೆ,
ಉಳಿಯಬೇಕಾದ ಸತ್ವ ಸೋರುತ್ತಿದೆ.
ಜರಡಿ ಅಂದರೇನೆಂದು ಚೌರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಆರು ವಾರ ದಿನವೂ. ಆಮೇಲೆ ದಿನ ಬಿಟ್ಟು ದಿನ.
ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿಕೊಟ್ಟೆ; ನಕ್ಕು ಮಡಚಿಟ್ಟಳು.
ಲೈನ್ ಮನೆಯಲ್ಲಿ ಅವಳದೇ ಲೆಕ್ಕ:
ದಾರಕ್ಕೆ ಒಂದು ಕಾಫಿಬೀಜ, ಒಂದು ಒಳ್ಳೆಮೆಣಸು,
ಮತ್ತೆ ಬೀಜ, ಮತ್ತೆ ಕಾಳು.
ದಿನಕ್ಕೊಂದು ಕಳಚುತ್ತಾಳೆ.
ಬೀಜದ ದಿನ ಮಾತ್ರೆ, ಕಾಳಿನ ದಿನ ಬರೀ ಗಂಜಿ.
ಬೆಳಿಗ್ಗೆ ಅವನ ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಕಾಯಿಸಿ
ಬಾಗಿಲ ಬೆಳಕಿಗೆ ಹಿಡಿಯುತ್ತಾಳೆ:
ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿದರೆ ಬಸ್ಸು ಹತ್ತಬೇಕು,
ತಿಳಿಯಾಗಿದ್ದರೆ ಕೆಲಸಕ್ಕೆ.

ಎರಡು ತಿಂಗಳಿಂದ ತಿಳಿ.
ಆದರೂ ಇವತ್ತು ನಿಂತೇ ಇದ್ದಳು, ಚಿಲ್ಲರೆ ಕೊಟ್ಟ ಮೇಲೂ.
"ಆಗ ಊದಿದ್ದು ಕಾಯಿಲೆ ಅಂದ್ರಿ.
ಈಗ ಕೆನ್ನೆ ಊದಿದ್ದು ಮದ್ದು ಅಂತೀರಿ.
ನನ್ನ ಮಗನ ಮುಖ ಯಾವಾಗ ಬರೋದು?
ರಾತ್ರಿ ಎದ್ದು ಅನ್ನ ಕೇಳ್ತಾನೆ. ಅಕ್ಕಿ ಇಪ್ಪತ್ತಕ್ಕೇ ಖಾಲಿ.
ಲೈನಿನವರು, ಸಾಹುಕಾರರ ಮಗು ಹಾಗಿದ್ದಾನೆ ಅಂತಾರೆ.
ನಿಲ್ಲಿಸಿಬಿಡ್ಲಾ?"

ಬೇಡ, ಅಂದೆ. ಹೇಗೆ ಹೇಳಲಿ?
ಕಿಡ್ನಿಯ ನೆತ್ತಿಗೆ ಟೋಪಿಯಿಟ್ಟಂತೆ ಒಂದು ಗ್ರಂಥಿ,
ಮೈಗೆ ಬೇಕಾದ್ದನ್ನು ತಾನೇ ಅರೆಯುತ್ತಿತ್ತು;
ಹೊರಗಿಂದ ಬರತೊಡಗಿದ್ದೇ ಮಲಗಿಬಿಟ್ಟಿದೆ.
ದಡಬಡ ಎಬ್ಬಿಸಬಾರದು. ಒಂದೊಂದೇ ಬೀಜ, ಒಂದೊಂದೇ ಕಾಳು.
ಮುಖ ಬರುತ್ತದೆ, ಅಂದೆ. ಯಾವಾಗ ಎಂದು ಹೇಳಲಿಲ್ಲ.

ಹೊರಡುವಾಗ ನನ್ನ ಕಣ್ಣು ಪೊಟ್ಟಣದ ಮೇಲೆ ಹೋಯಿತು:
ಉಪ್ಪು ಆಗದಲ್ಲ ಅವನಿಗೆ...
"ಅವನಿಗಲ್ಲ," ಎಂದಳು ಕೇಳುವ ಮೊದಲೇ.
ಆಮೇಲೆ ಒಂದು ಗಳಿಗೆ ಯೋಚಿಸಿ,
"ವಾಸನೆ ಬಂದ್ರೆ ಅಳ್ತಾನೆ. ನೀವೇ ಸುಟ್ಟು ತಿನ್ನಿ."

ಮಾತ್ರೆಗಳ ಮಧ್ಯೆ ಸಂಜೆಯವರೆಗೂ ಕಡಲಿನ ನಾತ.